ಪುರುಡು ಕಳೆಯದ ಹುಡುಗಿ

“ಬೇಡ! ನಂಗೆ ಕೊಡ್ಬೇಡಿ!”

ಹೆಣ್ಣು ನೋಡಲು ಬಂದ ಕೆಂಪರಾಜು ನೀಡಿದ ಘಾಟಿ ಸುಬ್ರಹ್ಮಣ್ಯನ ಪ್ರಸಾದದ ಹೂವು ನೆಲಕ್ಕೆ ಬಿತ್ತು. ತೂಬಗೆರೆಯ ಆ ನಡುಮನೆಯಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು!

ಅನಸೂಯ ಬ್ಯಾಂಡೇಜಿನ ಕೈಯನ್ನು ಸೆರಗಲ್ಲಿ ಮುಚ್ಚಿಕೊಂಡು ಒಳಗೆ ಓಡಿದಳು.

ಅಯ್ಯೋ, ಇಷ್ಟಪಟ್ಟವನಿಗೇ ಹೀಗೆ ಮಾಡಿಬಿಟ್ಟೆನಲ್ಲ...

ಹೌದು ಕಣ್ರೀ, ಅವನು ಬಂದವನೇ “ಕೈ ನೋವು ಹೇಗಿದೆ?” ಅಂತ ಕೇಳಿದಾಗಲೇ ಅವಳ ಮನಸ್ಸು ಜಾರಿತ್ತು! ರೇಷ್ಮೆಗೂಡು ಬೇಯಿಸುವ ನೀರು ಬಿದ್ದು ಸುಟ್ಟ ಕೈ, ಎಷ್ಟು ಮುಲಾಮು ಹಚ್ಚಿದರೂ ವಾಸಿಯಾಗಿರಲಿಲ್ಲ. ಕೊನೆಗೆ ದೊಡ್ಡಬಳ್ಳಾಪುರದ ನರ್ಸಿಂಗ್ ಹೋಮಿನ ಡಾಕ್ಟರು ಬೇರೆ ಇಂಜೆಕ್ಷನ್ ಶುರು ಮಾಡಿದ್ದರು.

“ಹೆರಿಗೆಯಲ್ಲಿ ಬೀಳೋ ಮಾಸಿನಿಂದ ತೆಗೆದದ್ದಮ್ಮ ಇದು. ಅದರಲ್ಲಿ ಪೆಪ್ಟೈಡ್ ಅಂತ ಅಂಶ ಇರುತ್ತೆ, ಹೊಸ ಚರ್ಮ ಬರೋಕೆ ನೆರವಾಗುತ್ತೆ.”

ಗಾಯ ನಿಜಕ್ಕೂ ಕೂಡಿಕೊಳ್ಳತೊಡಗಿತು. ಅನಸೂಯಳಿಗೆ ಮಾತ್ರ ಬೇರೆಯದೇ ಚಿಂತೆ! ಯಾರೋ ಬಾಣಂತಿಯ ಮಾಸು ನನ್ನ ಮೈ ಸೇರಿದರೆ ಅವಳ ಪುರುಡು ನನಗೂ ಅಂಟಿತಲ್ಲವೇ? ಆ ಹೆರಿಗೆ ಮೈಲಿಗೆ ಕಳೆಯುವುದರೊಳಗೆ ಇನ್ನೊಂದು ಸೂಜಿ. ದೇವರ ಹೂವು ಮುಟ್ಟುವುದು ಹೇಗೆ? ಅವ್ವನಿಗೆ ಹೇಳಿದರೆ ಸೂಜಿ ನಿಲ್ಲಿಸುತ್ತಾಳೆ, ಕೈ ಹೋಗುತ್ತೆ. ಹೇಳದಿದ್ದರೆ... ಅವನೇ ಹೋಗುತ್ತಾನೆ!

ಮಾರನೇ ದಿನ ಸೂಜಿ ಚುಚ್ಚಿಸಿಕೊಂಡು ಹೊರಬಂದರೆ, ಬೆಂಚಿನ ಹತ್ತಿರ ಕೆಂಪರಾಜು! ಮಗ್ಗದ ನೂಲಿನ ಧೂಳು ಇನ್ನೂ ತಲೆಯಲ್ಲೇ ಇತ್ತು.

“ನಮ್ಮಪ್ಪ ಸಂಜೆ, ಈ ಸಂಬಂಧ ಬೇಡ ಅಂತ ಹೇಳಿ ಕಳಿಸ್ತಾರೆ. ಅದಕ್ಕೆ ಮುಂಚೆ ನಿಮ್ಮ ಬಾಯಿಂದಲೇ ಕೇಳೋಣ ಅಂತ ಬಂದೆ. ನಾನು ಇಷ್ಟ ಇಲ್ವಾ?”

“ಇಷ್ಟಾನೇ ಕಣ್ರೀ!”

ಬಾಯಿ ತಪ್ಪಿ ಬಂದೇಬಿಟ್ಟಿತು! ಅಳುತ್ತಳುತ್ತಲೇ ಎಲ್ಲವನ್ನೂ ಹೇಳಿದಳು. “ನಾನು ಮೈಲಿಗೆ... ನಿಮ್ಮ ಮನೆಗೆ ಹೆಂಗೆ ಬರ್ಲಿ?”

ಕೆಂಪರಾಜು ಅವಳ ಬ್ಯಾಂಡೇಜನ್ನೇ ನೋಡಿದ. ಮುಗೀತು, ಅಸಹ್ಯಪಟ್ಟ! ಅವಳು ಕಣ್ಣು ಮುಚ್ಚಿಕೊಂಡಳು.

ಬ್ಯಾಂಡೇಜಿನಾಚೆಗಿದ್ದ ಅವಳ ಬೆರಳುಗಳನ್ನು ಅವನು ಮೆಲ್ಲಗೆ ಹಿಡಿದುಕೊಂಡ.

“ಏನ್ರೀ ಇದು! ಈಗ ನಿಮಗೂ ಅಂಟ್ತು!”

“ಅಂಟ್ಲಿ ಬಿಡು. ಯಾರೋ ಪುಣ್ಯಾತ್ಗಿತ್ತಿ ಮಗು ಹೆತ್ತು ನಿನ್ನ ಕೈನೂ ಉಳಿಸ್ತಿದ್ದಾಳೆ. ವಾಸಿ ಆಗೋವರ್ಗೂ ತಗೋ. ಅಪ್ಪನಿಗೆ ನಾನು ಹೇಳ್ತೀನಿ.”

“ನಿಮ್ಮವ್ವ ನನ್ನ ಒಳಗೆ ಸೇರಿಸ್ದೇ ಹೋದ್ರೆ...?”

“ಇಬ್ರೂ ಜಗಲಿ ಮೇಲೇ ಇರೋಣ. ಮೈಲಿಗೆ ಅಂತ ನೀನೊಬ್ಬಳೇ ದೂರ ಉಳಿದಿದ್ದು ಸಾಕು ಕಣೇ.”