ಅಂಚಿಗೆ ಹಿಡಿದ ಕಾಂತ

ಅವನ ಮುಖ ನೋಡುವ ಮೊದಲೇ ಅವಳು ಅವನ ಡ್ರಮ್ಮಿನ ಮೇಲೆ ಅಯಸ್ಕಾಂತ ಇಟ್ಟಿದ್ದಳು.

ಹತ್ತು ಸ್ಟೀಲ್ ಡ್ರಮ್ಮುಗಳು ಶೆಡ್ಡಿನ ಬಾಗಿಲಲ್ಲಿ ಸಾಲಾಗಿ ನಿಂತಿದ್ದವು. ಎದೆಮಟ್ಟದ ಎತ್ತರ, ಮುಖ ಕಾಣುವಷ್ಟು ಹೊಳಪು. ಹೊಟ್ಟೆಯ ಭಾಗಕ್ಕೆ ಇಟ್ಟಳು, ಅಯಸ್ಕಾಂತ ಜಾರಿ ಕೈಗೇ ಬಿತ್ತು. ತಳಕ್ಕೆ ಇಟ್ಟಳು, ಜಾರಿತು. ಕೊನೆಗೆ ಬಾಯಿಯ ಸುರುಳಿ ಅಂಚಿಗೆ ಇಟ್ಟಳು...

ಹಿಡಿಯಿತು!

ಗಟ್ಟಿಯಾಗಿ ಅಲ್ಲ, ಒಲ್ಲದ ಮನಸ್ಸಿನಿಂದ ಹಿಡಿದ ಹಾಗೆ. ಆದರೂ ಹಿಡಿದು, ತನ್ನ ಕೆಂಪು ದಾರವನ್ನು ತೂಗಾಡಿಸುತ್ತ ಅಲ್ಲೇ ನಿಂತಿತು.

ಹಣ್ಣಿನ ರಸದ ಕಾರ್ಖಾನೆಯ ಉಗ್ರಾಣ ಅವಳ ಜವಾಬ್ದಾರಿ. ಅವಳಿಗಿಂತ ಮುಂಚೆ ಅದೇ ಕುರ್ಚಿಯಲ್ಲಿ ಅವಳ ಅಪ್ಪ ಇದ್ದರು. ಆ ಅಯಸ್ಕಾಂತವೂ ಅಪ್ಪನದೇ, ಅವರ ಮೇಜಿನ ಖಾನೆಯಲ್ಲಿ ಸಿಕ್ಕಿದ್ದು. ಕಬ್ಬಿಣಕ್ಕೆ ಹಿಡಿಯುತ್ತದೆ, ಒಳ್ಳೆಯ ಸ್ಟೀಲಿಗೆ ಹಿಡಿಯುವುದಿಲ್ಲ ಎಂದು ಚಿಕ್ಕಂದಿನಲ್ಲಿ ಅಪ್ಪನೇ ಹೇಳಿಕೊಟ್ಟಿದ್ದರು. ಅದನ್ನು ಅವಳು ಎಲ್ಲಿಗೆ ಹೋದರೂ ಒಯ್ಯುತ್ತಿದ್ದಳು. ಕಾರ್ಖಾನೆಯ ಹೆಂಗಸರು ಅವಳನ್ನು ‘ಕಾಂತಮ್ಮ’ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಒಬ್ಬ ಕಾಂತ ಇರುವಾಗ ಇವಳಿಗೆ ಬೇರೆ ಗಂಡು ಹುಡುಕುವುದು ದಂಡ ಎಂದು ಊಟದ ಹೊತ್ತಿನಲ್ಲಿ ನಗುತ್ತಿದ್ದರು.

“ಕಬ್ಬಿಣಕ್ಕೆ ಪಾಲಿಶ್ ಹೊಡೆದು ಸ್ಟೀಲ್ ಅಂತ ಮಾರ್ತೀರಾ?”

ಲಾರಿಯ ಡ್ರೈವರ್ ಇದ್ದ, ಅಕ್ಕಪಕ್ಕದ ಶೆಡ್ಡುಗಳವರು ಇದ್ದರು. ಎಲ್ಲರಿಗೂ ಕೇಳಿಸುವ ಹಾಗೇ ಹೇಳಿದಳು.

ಬೆಸುಗೆಯವನು ಮುಖಕ್ಕೆ ಹಾಕಿದ್ದ ಕವಚ ಎತ್ತಿದ. ಅವನು ನೋಡಿದ್ದು ಅವಳನ್ನಲ್ಲ, ಆ ಕೆಂಪು ದಾರವನ್ನು. ನೋಡನೋಡುತ್ತಿದ್ದಂತೆ ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ‘ಸಿಕ್ಕಿಬಿದ್ದ ಕಳ್ಳನ ಮುಖ’ ಎಂದುಕೊಂಡಳು.

ಅಂಚು ಬಗ್ಗಿಸಿದ ಜಾಗ, ಅಲ್ಲಿ ಸ್ವಲ್ಪ ಹಿಡಿಯುತ್ತದೆ ಎಂದಷ್ಟೇ ಅವನು ಮೆಲ್ಲಗೆ ಹೇಳಿದ. ಬಗ್ಗಿಸಿದರೆ ಸ್ಟೀಲು ಕಬ್ಬಿಣವಾಗುತ್ತದೆಯೇ? ಯಾರ ಕಿವಿಗೆ ಹೂವಿಡುತ್ತಿದ್ದಾನೆ ಇವನು! ಹಾಗೆಂದು ಪಕ್ಕದಲ್ಲಿ ನಿಂತು ಎರಡು ಸಲ ಕೇಳಿದಳು. ಅವನು ತಿರುಗಿಯೂ ನೋಡಲಿಲ್ಲ. ಎಷ್ಟು ಸೊಕ್ಕು ಎಂದುಕೊಂಡು ಆರ್ಡರ್ ರದ್ದು ಮಾಡಿ ಲಾರಿ ಹತ್ತಿದಳು.

ಡ್ರಮ್ಮುಗಳನ್ನು ದೊಡ್ಡ ಅಂಗಡಿಯೊಂದರಿಂದ ತರಿಸಿದಳು. ಅವುಗಳ ಹೊಟ್ಟೆ, ತಳ, ಅಂಚು, ಎಲ್ಲಿಟ್ಟರೂ ಕಾಂತ ಜಾರಿತು. ಸಮಾಧಾನದಿಂದ ಉಪ್ಪು ಬೆರೆಸಿದ ನಿಂಬೆರಸ ತುಂಬಿಸಿ ಮುಚ್ಚಳ ಬಿಗಿಸಿದಳು.

ಇಪ್ಪತ್ತೆರಡನೆಯ ದಿನ ಮುಚ್ಚಳ ತೆಗೆದಳು.

ಒಳಗಿನ ಬೆಸುಗೆಯ ಗೆರೆಯುದ್ದಕ್ಕೂ, ಮುಚ್ಚಳದ ಅಡಿಯಲ್ಲೂ ಕಂದು ಚುಕ್ಕೆಗಳು. ಕಳಿತ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಏಳುತ್ತವಲ್ಲ, ಅಂಥವು. ರಸ ಮಂಕಾಗಿತ್ತು. ನಾಲಿಗೆಗೆ ಒಂದು ತೊಟ್ಟು ಬಿಟ್ಟುಕೊಂಡಳು, ಬೀಗದ ಕೈ ನೆಕ್ಕಿದ ಹಾಗಾಯಿತು.

ಇದನ್ನು ಯಾರೋ ತಾಯಿ ತನ್ನ ಮಗುವಿಗೆ ಕುಡಿಸುತ್ತಿದ್ದಳಲ್ಲ... ಎಂದುಕೊಳ್ಳುತ್ತ ಉಳಿದ ಡ್ರಮ್ಮುಗಳ ಮುಚ್ಚಳವನ್ನೂ ತೆಗೆದಳು.

ಅಪ್ಪ ವರ್ಷದಿಂದ ಹಾಸಿಗೆ ಹಿಡಿದಿದ್ದರು. ಬಲಭಾಗಕ್ಕೆ ಸ್ವಾಧೀನವಿಲ್ಲ, ಮಾತು ತೊದಲು. ಗಂಜಿ ಕುಡಿಸುತ್ತ ಅವಳು ಎಲ್ಲವನ್ನೂ ಹೇಳಿದಳು. ಕಾಂತ ಹಿಡಿಯದ ಡ್ರಮ್ಮಿಗೆ ತುಕ್ಕು ಹೇಗೆ ಬಂತಪ್ಪಾ ಎಂದು ಕೇಳಿದಳು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. ಮೈನೋವಿಗೆ ಎಂದುಕೊಂಡು ಅವಳು ಹೊದಿಕೆ ಸರಿಮಾಡಿದಳು.

ಮರುದಿನ ತುಕ್ಕು ಹಿಡಿದ ಮುಚ್ಚಳವೊಂದನ್ನು ಚೀಲದಲ್ಲಿ ಹಾಕಿಕೊಂಡು ಅದೇ ಬೆಸುಗೆಯವನ ಶೆಡ್ಡಿಗೆ ಹೋದಳು. ಬಾಗಿಲಾಚೆ ಹತ್ತು ನಿಮಿಷ ನಿಂತಳು. ಯಾವ ಮುಖ ಇಟ್ಟುಕೊಂಡು ಹೋಗುವುದು? ಆದರೆ ನಿಜ ಹೇಳಬಲ್ಲ ಇನ್ನೊಬ್ಬ ಅವಳಿಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಮೂರು ಸಲ ಕರೆದಳು. ಅವನು ತಿರುಗಲಿಲ್ಲ.

“ಆ ಕಡೆ ಕಿವಿ ಕೇಳ್ಸಲ್ಲಮ್ಮ ಅವನಿಗೆ. ಬಲಗಡೆ ಬಾ,” ಎಂದರು ಪಾಲಿಶ್ ಮಾಡುವ ಮುದುಕರು.

ಅವತ್ತು ತಾನು ನಿಂತದ್ದು ಎಡಗಡೆ ಎಂಬುದು ಅವಳಿಗೆ ಆಗ ಹೊಳೆಯಿತು. ಸೊಕ್ಕು ಯಾರದಾಗಿತ್ತು ಎಂಬುದೂ ಹೊಳೆಯಿತು.

ಬೆಸುಗೆಯವನು ‘ಹೇಳಿರಲಿಲ್ಲವಾ’ ಎನ್ನಲಿಲ್ಲ. ಸಣ್ಣ ಸೀಸೆಯಿಂದ ಮುಚ್ಚಳದ ಮೇಲೆ ಒಂದು ಹನಿ ಬಿಟ್ಟು, ಬ್ಯಾಟರಿಯ ತಂತಿ ತಾಗಿಸಿದ. ಹನಿ ಕೆಂಪಾಯಿತು. ತನ್ನ ಡ್ರಮ್ಮಿನ ಮೇಲೂ ಹಾಗೇ ಮಾಡಿದ. ಕೆಂಪಾಗಲಿಲ್ಲ.

ಆಮೇಲೆ ತಾಳ್ಮೆಯಿಂದ ಬಿಡಿಸಿ ಹೇಳಿದ. ಹನಿ ಕೆಂಪಾದರೆ ಅದು ನಿಕ್ಕಲ್ ಕಡಿಮೆ ಹಾಕಿದ ಅಗ್ಗದ ಸ್ಟೀಲು; ಅದಕ್ಕೂ ಕಾಂತ ಹಿಡಿಯುವುದಿಲ್ಲ, ಆದರೆ ಹುಳಿ, ಉಪ್ಪು ಅದನ್ನು ತಿಂದುಹಾಕುತ್ತವೆ. ಒಳ್ಳೆಯ ಸ್ಟೀಲೇ ಆದರೂ ಬಗ್ಗಿಸಿದ, ಬಡಿದ ಜಾಗದಲ್ಲಿ ಕಾಂತ ಸ್ವಲ್ಪ ಹಿಡಿಯುತ್ತದೆ, ಹಾಗೆಂದು ಅದರ ಗುಣ ಕೆಡುವುದಿಲ್ಲ. ಕಾಂತ ಕೆಟ್ಟದ್ದಲ್ಲ, ಅದರ ಕೆಲಸ ಬೇರೆ: ತಾನು ದಿನವೂ ಅದರಿಂದ ನೆಲದ ಮೇಲಿನ ಕಬ್ಬಿಣದ ಪುಡಿ ಎತ್ತುತ್ತೇನೆ, ಒಂದು ಕಣ ಸ್ಟೀಲಿಗೆ ಅಂಟಿದರೂ ಅಲ್ಲಿಂದ ತುಕ್ಕು ಶುರು ಎಂದ. ಅವಳ ಕೈಯನ್ನು ಡ್ರಮ್ಮಿನೊಳಗೆ ಇಳಿಸಿ ಬೆಸುಗೆಯ ಜಾಗ ಹುಡುಕಲು ಹೇಳಿದ. ಬೆರಳಿಗೆ ಏನೂ ಸಿಗಲಿಲ್ಲ. ತಿನ್ನುವ ಪದಾರ್ಥ ಇಡುವುದಾದರೆ ಅದು ಅಡಗಿ ಕೂರಲು ಒಂದು ಗೀರೂ ಇರಬಾರದು, ಮುಚ್ಚಳದ ರಬ್ಬರ್ ಕೂಡ ಅದಕ್ಕೆಂದೇ ಮಾಡಿದ್ದಾಗಿರಬೇಕು ಎಂದ.

ಆ ಹತ್ತೂ ಡ್ರಮ್ಮುಗಳು ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿದ್ದವು. ಬೇರೆಯವರಿಗೆ ಮಾರಲಿಲ್ಲವೇ ಎಂದು ಕೇಳಿದಳು. ಅವತ್ತಿನ ಮಾತು ಬೀದಿಯಲ್ಲೆಲ್ಲ ಹರಡಿ, ಕೊಳ್ಳಲು ಯಾರೂ ಬಂದಿಲ್ಲ ಎಂದ. ಬೇಜಾರಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅದೇ ಅವಳನ್ನು ಹೆಚ್ಚು ಚುಚ್ಚಿತು.

ಅವಳು ಮ್ಯಾನೇಜರ ಮುಂದೆ ತಪ್ಪು ಒಪ್ಪಿಕೊಂಡಳು. ಅಷ್ಟೂ ರಸವನ್ನು ತಾನೇ ನಿಂತು ಚರಂಡಿಗೆ ಸುರಿಸಿದಳು. ಆ ಹತ್ತು ಡ್ರಮ್ಮುಗಳನ್ನು ಕಾರ್ಖಾನೆಗೆ ತಂದಳು.

ಆಮೇಲೆ ಶೆಡ್ಡಿಗೆ ಹೋಗಲು ಕಾರಣಗಳು ತಾವಾಗಿಯೇ ಹುಟ್ಟಿಕೊಂಡವು. ಇವತ್ತು ರಬ್ಬರ್ ಸಡಿಲ, ನಾಳೆ ಮುಚ್ಚಳದ ಪಟ್ಟಿ ಬಿಗಿ. ಕಾಂತಮ್ಮನಿಗೆ ಶೆಡ್ಡೇ ಹಿಡಿದುಕೊಂಡಿದೆ ಎಂದು ಹೆಂಗಸರು ಕಣ್ಣು ಮಿಟುಕಿಸಿದರು. ಅವಳು ಬಂದ ಕೂಡಲೇ ಅವನು ತನ್ನ ಬಲಕ್ಕೆ ಒಂದು ಸ್ಟೂಲು ಎಳೆದಿಡುತ್ತಿದ್ದ.

ಒಂದು ದಿನ ಅಂಗೈಯಗಲದ ಸ್ಟೀಲ್ ಡಬ್ಬಿ ಕೊಟ್ಟು, ಅಪ್ಪನ ಮಾತ್ರೆಗಳಿಗೆ ಎಂದ. ಅದರ ಬೆಸುಗೆ ಎಲ್ಲಿದೆ ಎಂದು ಅವಳು ಸಂಜೆಯವರೆಗೂ ಬೆರಳಾಡಿಸಿದಳು. ಸಿಗಲೇ ಇಲ್ಲ. ಇಷ್ಟು ಜೋಪಾನವಾಗಿ ಯಾರೂ ತನಗೆ ಏನನ್ನೂ ಮಾಡಿಕೊಟ್ಟಿಲ್ಲ ಎನಿಸಿ ಕಣ್ಣು ತುಂಬಿತು. ತನಗೆ ಇವನು ಬೇಕು ಎಂದು ಅವಳಿಗೆ ಖಾತ್ರಿಯಾದದ್ದು ಆಗಲೇ.

ಸುಖ ಅಲ್ಲಿಗೆ ಮುಗಿಯಿತು.

ಮರುವಾರ ಚೀಲದಿಂದ ಬೀಗದ ಕೈ ತೆಗೆಯುವಾಗ ಕೆಂಪು ದಾರದ ಕಾಂತವೂ ಹೊರಗೆ ಬಂತು. ಪಾಲಿಶ್ ಮುದುಕರು ಯಂತ್ರ ನಿಲ್ಲಿಸಿದರು. ಅದು ಎಲ್ಲಿ ಸಿಕ್ಕಿತು ಎಂದು ಕೇಳಿದರು. ನಮ್ಮಪ್ಪನದು ಎಂದಳು. ಮುದುಕರು ಕೈ ಒರೆಸಿಕೊಂಡು ಹೇಳಿದರು.

ಹನ್ನೊಂದು ವರ್ಷದ ಹಿಂದೆ ಇದೇ ಬಾಗಿಲಲ್ಲಿ, ಇದೇ ಕಾಂತವನ್ನು ಅವಳ ಅಪ್ಪ ಬೆಸುಗೆಯವನ ಅಪ್ಪನ ಡ್ರಮ್ಮಿನ ಅಂಚಿಗೆ ಇಟ್ಟಿದ್ದರು. ಹಿಡಿದಿತ್ತು. ಕಬ್ಬಿಣ ಮಾರುವವನು ಎಂದು ಹತ್ತು ಜನರ ಮುಂದೆ ಕೂಗಿದ್ದರು. ಆ ಹೆಸರೇ ನಿಂತುಹೋಯಿತು. ಒಬ್ಬೊಬ್ಬರೇ ಬರುವುದು ಬಿಟ್ಟರು. ಆ ಮನುಷ್ಯ ದಿನವಿಡೀ ಬಾಗಿಲು ನೋಡುತ್ತ ಕೂತಿರುತ್ತಿದ್ದರು. ವರ್ಷ ತುಂಬುವ ಮೊದಲೇ ಇದೇ ಶೆಡ್ಡಿನಲ್ಲಿ ತಮ್ಮ ಜೀವ ತಾವೇ ತೆಗೆದುಕೊಂಡರು.

ಅವಳು ಬೆಸುಗೆಯವನ ಎದುರು ಹೋಗಿ ನಿಂತಳು.

“ನಾನು ಯಾರ ಮಗಳು ಅಂತ ಗೊತ್ತಿತ್ತಾ?”

“ಮೊದಲ ದಿನವೇ.”

ಹಾಗಾದರೆ ಆ ಸ್ಟೂಲು, ಆ ಡಬ್ಬಿ, ಆ ಮೆಲುದನಿ... ಎಲ್ಲ ಯಾತಕ್ಕೆ? ಸಲಿಗೆ ಕೊಟ್ಟು, ಬಲೆಗೆ ಬೀಳಿಸಿ, ಒಂದು ದಿನ ಇದನ್ನು ಮುಖಕ್ಕೆ ಎಸೆಯಲಿಕ್ಕೇ? ಅವನನ್ನು ದಾಟಿ ಹೊರಟವಳು ಪಕ್ಕದಲ್ಲಿ ನಿಂತು ಅದನ್ನೇ ಕೇಳಿದಳು. ಉತ್ತರಕ್ಕೆ ಕಾದಳು. ಅವನು ಸುಮ್ಮನಿದ್ದ. ಆ ಹೊತ್ತಿನಲ್ಲಿ ತಾನು ಯಾವ ಕಡೆ ನಿಂತಿದ್ದೇನೆ ಎಂಬುದೇ ಅವಳಿಗೆ ನೆನಪಿರಲಿಲ್ಲ. ಮೌನವನ್ನು ಹೌದು ಎಂದು ತಿಳಿದು ಹೊರಟುಹೋದಳು.

ಮನೆಗೆ ಬಂದು ಕಾಂತವನ್ನು ಅಪ್ಪನ ಹಾಸಿಗೆಯ ಮೇಲೆ ಇಟ್ಟಳು. ಬಗ್ಗಿಸಿದ ಜಾಗಕ್ಕೆ ಇದು ಹಿಡಿಯುತ್ತದಂತೆ, ಆ ಡ್ರಮ್ಮು ಸರಿಯಾಗೇ ಇತ್ತಂತೆ ಎಂದಳು.

“ಗೊತ್ತು,” ಎಂದರು ಅಪ್ಪ.

ಅಪ್ಪ ತೊದಲುತ್ತ, ನಿಲ್ಲುತ್ತ ಹೇಳಿದರು. ಅವತ್ತು ಕೂಗಾಡಿ ನಾಲ್ಕು ವರ್ಷವಾದ ಮೇಲೆ ಟ್ಯಾಂಕು ಜೋಡಿಸಲು ಬಂದ ಇಂಜಿನಿಯರೊಬ್ಬರು ವಿಷಯ ತಿಳಿಸಿದ್ದರು. ಅಷ್ಟರಲ್ಲಿ ಆ ಮನುಷ್ಯ ಸತ್ತು ಮೂರು ವರ್ಷವಾಗಿತ್ತು. ಹೋಗಿ ಹೇಳಲು ಧೈರ್ಯ ಸಾಲಲಿಲ್ಲ. ಅದೇ ಕಾಂತ ಮಗಳ ಕೈಯಲ್ಲಿದ್ದದ್ದನ್ನು ನೋಡಿದಾಗಲೂ ಸುಮ್ಮನಿದ್ದರು.

“ಬಿಸಾಡು ಅನ್ನೋಕೆ... ಕಾರಣ ಹೇಳ್ಬೇಕಿತ್ತು.”

ಅವಳಿಗೆ ಅಪ್ಪನ ಮೇಲೆ ಎಂದೂ ಬಾರದಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅವರ ಬಾಯಿ ಒರೆಸಿದಳು, ಮಗ್ಗುಲು ಬದಲಿಸಿದಳು. ನಾಲ್ಕನೆಯ ದಿನ ಅಪ್ಪ ಅವನನ್ನು ಕರೆಸು ಎಂದರು. ತಾನಾಗಿ ಹೋಗಲು ಮನಸ್ಸಾಗದೆ ಅವಳು ಪಾಲಿಶ್ ಮುದುಕರ ಕೈಲಿ ಹೇಳಿಕಳಿಸಿದಳು.

ಭಾನುವಾರ ಬೆಳಿಗ್ಗೆ ಅವನು ಬಂದ. ಒಗೆದ ಅಂಗಿ, ಮಸಿ ಹೋಗದ ಉಗುರು. ಮಂಚ ಗೋಡೆಗೆ ಒತ್ತಿತ್ತು, ಕೂರಲು ಒಂದೇ ಕಡೆ ಜಾಗ. ಕೂತಾಗ ಅವನ ಎಡಗಿವಿ ಅಪ್ಪನ ಬಾಯಿಯ ಕಡೆ ಬಂತು. ಅಪ್ಪ ಆಡುವ ಒಂದೇ ಕೈಯಲ್ಲಿ ಅವನ ಅಂಗಿ ಹಿಡಿದು ಹತ್ತಿರ ಎಳೆದುಕೊಂಡರು. ಉಳಿದ ಉಸಿರನ್ನೆಲ್ಲ ಕೂಡಿಸಿ ಆ ಕಿವಿಯೊಳಗೆ ಏನೋ ಹೇಳಿದರು. ನೀರಿನ ಲೋಟ ಹಿಡಿದು ನಿಂತಿದ್ದ ಅವಳಿಗೆ ಪ್ರತಿ ಮಾತೂ ಕೇಳಿಸಿತು.

ಆ ಕಡೆ ಅಲ್ಲಪ್ಪಾ ಎನ್ನಬೇಕೆಂದುಕೊಂಡಳು. ಆದರೆ ಅಪ್ಪನಿಗೆ ಎರಡನೆಯ ಸಲ ಹೇಳುವ ಶಕ್ತಿ ಇರಲಿಲ್ಲ. ಅವನು ತಲೆಯಾಡಿಸಿದ. ಅಪ್ಪ ಅಂಗಿ ಬಿಟ್ಟರು. ಮೂರನೆಯ ದಿನ ಮಧ್ಯಾಹ್ನ ತೀರಿಕೊಂಡರು.

ನೆಂಟರೆಲ್ಲ ಹೋದ ಮೇಲೆ ಅವಳು ಶೆಡ್ಡಿಗೆ ಬಂದಳು. ಅವನ ಬಲಗಡೆ ಹೋಗಿ ನಿಂತಳು.

“ಅವತ್ತು ಅಪ್ಪ ಹೇಳಿದ್ದು ನಿಮಗೆ ಕೇಳಿಸಲಿಲ್ಲ, ಅಲ್ವಾ?”

“ಇಲ್ಲ.”

“ಮತ್ತೆ ಯಾಕೆ ತಲೆ ಆಡಿಸಿದ್ರಿ?”

“ಅವರಿಗೆ ಉಸಿರು ಸಾಲ್ತಿರಲಿಲ್ಲ. ಇನ್ನೊಂದ್ಸಲ ಹೇಳಿ ಅನ್ನೋಕೆ ಮನಸ್ಸಾಗಲಿಲ್ಲ.” ಬಲಗಿವಿ ಅವಳ ಕಡೆ ತಿರುಗಿಸಿ ಕೇಳಿದ, “ಏನಂದ್ರು?”

ಅವಳು ಅವನ ಕಿವಿಯ ಹತ್ತಿರ ಬಾಗಿದಳು.

“ನಿಮ್ಮಪ್ಪನ ಡ್ರಮ್ಮಿನಲ್ಲಿ ಕಬ್ಬಿಣ ಇರಲಿಲ್ಲ. ತಪ್ಪು ನಂದು ಅಂತ ಗೊತ್ತಿದ್ದೂ ನಾನು ಬರಲಿಲ್ಲ... ಅಂದ್ರು.”

ಅವನು ಕೈಗವಸು ಕಳಚಿ ಡ್ರಮ್ಮಿನ ಮೇಲಿಟ್ಟ. ಅವಳು ಬಾಗಿಲಿಗೆ ಹೋದಳು, ಅವತ್ತು ನಿಂತಿದ್ದ ಜಾಗಕ್ಕೇ. ಅದೇ ಮಾತನ್ನು ಬೀದಿಗೆ ಕೇಳಿಸುವ ಹಾಗೆ ಹೇಳಿದಳು. ತನ್ನಪ್ಪನ ತಪ್ಪನ್ನೂ ಹೇಳಿದಳು, ತನ್ನದನ್ನೂ ಹೇಳಿದಳು. ಪಕ್ಕದ ಶೆಡ್ಡುಗಳವರು ಕೆಲಸ ನಿಲ್ಲಿಸಿ ನೋಡಿದರು. ಪಾಲಿಶ್ ಮುದುಕರು ಮಸಿಬಟ್ಟೆಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡರು.

ಒಳಗೆ ಬಂದು ಕಾಂತವನ್ನು ಅವನ ಮುಂದೆ ಇಟ್ಟಳು. ಕಬ್ಬಿಣದ ಪುಡಿ ಎತ್ತಲಿಕ್ಕಾದರೂ ಆದೀತು ಎಂದಳು. ಇನ್ನು ಹೊರಡಬೇಕು... ಕಾಲು ಬರಲಿಲ್ಲ.

“ಅವತ್ತು ಹೋಗುವಾಗ ಈ ಕಡೆ ನಿಂತು ಏನೋ ಕೇಳಿದ್ರಿ,” ಎಂದು ಅವನು ತನ್ನ ಎಡಗಿವಿ ಮುಟ್ಟಿಕೊಂಡ. “ಬಾಯಿ ಆಡಿದ್ದು ಕಂಡಿತು ಅಷ್ಟೇ.”

ಹಾಗಾದರೆ ಆ ಮೌನ!

“ನನ್ನ ಬಲೆಗೆ ಬೀಳಿಸಬೇಕು ಅಂತಲೇ ಇಷ್ಟೆಲ್ಲ ಮಾಡಿದ್ರಾ... ಅಂತ ಕೇಳಿದ್ದೆ.”

ಅವನು ತಲೆ ಅಲ್ಲಾಡಿಸಿದ.

“ನಮ್ಮಪ್ಪ ಆ ಬಾಗಿಲು ನೋಡ್ತಾ ಕೂತಿರ್ತಿದ್ರು. ಯಾರಾದ್ರೂ ಒಬ್ಬರು ವಾಪಸ್ ಬಂದು, ನಮ್ಮದು ತಪ್ಪಾಯ್ತು ಅಂತ ಹೇಳ್ಲಿ ಅಂತ. ಯಾರೂ ಬರಲಿಲ್ಲ. ನೀವು ಆ ಮುಚ್ಚಳ ಹಿಡ್ಕೊಂಡು ಬಂದ್ರಿ. ಅವತ್ತೇ...”

“ಅವತ್ತೇ ಏನು?”

ಅವನು ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಂಡ. ಸ್ಟೂಲನ್ನು ಬಲಕ್ಕೆ ಎಳೆದ. ಇಷ್ಟು ದಿನ ‘ನೀವು’ ಎನ್ನುತ್ತಿದ್ದವನ ದನಿ ಬದಲಾಗಿತ್ತು.

“ಅವತ್ತೇ ಹಿಡಿದುಬಿಡ್ತು. ಬಾ, ಇಲ್ಲಿ ಕೂತ್ಕೋ. ಇನ್ನು ಎಲ್ಲಿಗೂ ಹೋಗಬೇಡ.”

ಎರಡೂ ಕಿವಿ ಚುರುಕಾಗಿದ್ದ ಅವಳು, ಅಳುತ್ತಲೇ, ಅವನ ಬಲಗಡೆ ಕೂತಳು.

“ಕೇಳಿಸಲಿಲ್ಲ,” ಎಂದಳು. “ಇನ್ನೊಂದ್ಸಲ ಹೇಳು.”