ಸ್ವಿಚ್ಚಿಲ್ಲದ ಗಿಡ್ಡಿ

“ಸ್ವಿಚ್ ಎಲ್ಲೋ?”

ಅಕ್ಕ ಸ್ಟೀರಿಂಗ್ ಹಿಂದೆ ಕೂತು ಡ್ಯಾಶ್‌ಬೋರ್ಡನ್ನು ತಡಕುತ್ತಿದ್ದಳು. ಹಗ್ಗ, ಸಲಾಕೆ, ಸ್ಪ್ಯಾನರ್ ಪೆಟ್ಟಿಗೆಗಳನ್ನು ಗಾಡಿಗೆ ತುಂಬುತ್ತಿದ್ದ ತಮ್ಮ ತಲೆ ಎತ್ತಲಿಲ್ಲ. ಊರೆಲ್ಲ ಅವನನ್ನು ಬೋಲ್ಟು ಅನ್ನುತ್ತಿತ್ತು. ಒಮ್ಮೆ ಬಿಗಿದುಕೊಂಡರೆ ಸಡಿಲವಾಗುವವನಲ್ಲ.

“ಸ್ವಿಚ್ ಬೇಕಾಗಿಲ್ಲ. ಹಿಂದಿನ ಆಕ್ಸಲ್‌ಗೆ ಆಟೋಮ್ಯಾಟಿಕ್ ಲಾಕರ್ ಹಾಕಿದೀನಿ. ಆಕ್ಸಿಲರೇಟರ್ ತುಳಿದ್ರೆ ಹಿಂದಿನ ಎರಡೂ ಚಕ್ರ ತಾನೇ ಒಂದಕ್ಕೊಂದು ಲಾಕ್ ಆಗತ್ತೆ.”

“ನಾನು ಕೇಳಿದ್ದು ಸ್ವಿಚ್ ಇರೋ ಲಾಕರ್. ಬೇಕು ಅಂದಾಗ ಹಾಕಿ, ಬೇಡ ಅಂದಾಗ ತೆಗೆಯೋದು.”

“ಗಾಬರೀಲಿ ಸ್ವಿಚ್ ಯಾರಿಗೆ ನೆನಪಿರತ್ತೆ ಅಕ್ಕಾ?”

“ನನಗಿರತ್ತೆ! ಓಡಿಸೋಳು ನಾನು ಕಣೋ!”

“ಬಿಚ್ಚೋನು ನಾನು.”

ಬೈಯಲು ಹೊತ್ತಿರಲಿಲ್ಲ. ಬೆಟ್ಟದ ನೆತ್ತಿಯಲ್ಲಿ ಕಾಡ್ಗಿಚ್ಚಿನ ಕಾವಲು ಗೋಪುರವಿತ್ತು. ಅಲ್ಲಿ ಕಾವಲಿಗಿದ್ದ ಚಿಕ್ಕಪ್ಪ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ. ಜೊತೆಯ ಕಾವಲುಗಾರ ವೈರ್‌ಲೆಸ್ಸಿನಲ್ಲಿ ಕೂಗಿದ್ದ: ತೊಡೆ ಊದುತ್ತಲೇ ಇದೆ. ಮಂಜು ಮುಸುಕಿದ್ದರಿಂದ ಹೆಲಿಕಾಪ್ಟರ್ ಬರುವಂತಿಲ್ಲ. ಹೊತ್ತುಕೊಂಡು ಇಳಿಸಲು ದಿನವಿಡೀ ಬೇಕು. ದೊಡ್ಡ ಗಾಡಿ ಆ ದಾರಿಯಲ್ಲಿ ಹಿಡಿಸುವುದಿಲ್ಲ. ಉಳಿದದ್ದು ಈ ಗಿಡ್ಡಿ. ಹೆಸರಿಗೆ ಜೀಪು, ಗಾತ್ರಕ್ಕೆ ಮಂಚ.

“ಒಳಗೇ ರಕ್ತ ಸೋರ್ತಾ ಇದ್ರೆ ಜೀವ ಸಂಜೆವರೆಗೆ ಕಾಯಲ್ಲ,” ಎಂದಳು ಹಿಂದಿನ ಸೀಟಿನ ನರ್ಸಮ್ಮ, ಕಟ್ಟುಪಟ್ಟಿಯ ಚೀಲವನ್ನು ಮಡಿಲಲ್ಲಿ ಅಪ್ಪಿಕೊಂಡು. “ಮೂಳೆಗಾದ್ರೆ ಪಟ್ಟಿ ಕಟ್ತೀನಿ. ನಿಮ್ಮ ಜಗಳಕ್ಕೆ ಕಟ್ಟೋ ಪಟ್ಟಿ ನನ್ನ ಹತ್ರ ಇಲ್ಲ. ಹೊರಡಿ.”

ಆ ವರ್ಕ್‌ಶಾಪಿನಲ್ಲಿ ಅಪ್ಪನ ಕಾಲದ ಒಂದು ಕಟ್ಟಳೆಯಿತ್ತು: ಓಡಿಸುವವರು ಸ್ಪ್ಯಾನರ್ ಮುಟ್ಟಬಾರದು, ಬಿಚ್ಚುವವರು ಸ್ಟೀರಿಂಗ್ ಮುಟ್ಟಬಾರದು. ಒಬ್ಬರಿಗೇ ಎರಡು ಅಹಂಕಾರ ಬೇಡವೆಂದು ಆ ಪುಣ್ಯಾತ್ಮ ಹಾಗೆ ಮಾಡಿದ್ದ. ಮಕ್ಕಳು ಕಟ್ಟಳೆ ಉಳಿಸಿಕೊಂಡರು. ಆಳಿಗೊಂದು ಅಹಂಕಾರವನ್ನೂ ಸಾಕಿಕೊಂಡರು.

ದಾರಿ ಕಾಡನ್ನು ಹೊಕ್ಕಿತು. ಮಂಜಿನೊಳಗೆ ಮರಗಳು ಪೂಜೆಗೆ ನಿಂತವರ ಹಾಗೆ ಮೌನವಾಗಿ ನಿಂತಿದ್ದವು. ಎಲೆಗಳ ತುದಿಯಿಂದ ಹನಿ ಉದುರುವ ಸದ್ದು, ಎಲ್ಲೋ ಕಣ್ಣಿಗೆ ಕಾಣದ ತೊರೆಯ ಸದ್ದು. ದೇವರು ಬೆಟ್ಟ ಕಟ್ಟಿದ ಮೇಲೆ ದಾರಿ ಮಾಡುವುದನ್ನು ಬೇಕೆಂದೇ ಮರೆತನೇನೋ, ಬರುವವನು ಯೋಚಿಸಿ ಬರಲಿ ಎಂದು. ಆ ಶಾಂತಿಯ ನಡುವೆ ಗಿಡ್ಡಿಯೊಳಗೆ ಮಾತ್ರ ಒಲೆ ಉರಿಯುತ್ತಿತ್ತು.

ಮೊದಲ ಕೊರಕಲು ಎದುರಾಯಿತು. ಹಿಂದಿನ ಒಂದು ಚಕ್ರ ಗಾಳಿಯಲ್ಲಿ ತೇಲಿತು. ಲಾಕರ್ ಇಲ್ಲದ ಗಾಡಿಯಾಗಿದ್ದರೆ, ಅತ್ತ ಮಗುವಿಗೇ ಬೆಲ್ಲವೆಲ್ಲ ಕೊಟ್ಟ ಹಾಗೆ, ಎಂಜಿನ್ನಿನ ಬಲವೆಲ್ಲ ಆ ತೇಲುವ ಚಕ್ರಕ್ಕೇ ಹೋಗಿ ಅದು ಸುಮ್ಮನೆ ಗಿರಗಿರ ತಿರುಗುತ್ತಿತ್ತು. ಈಗ ಹಾಗಾಗಲಿಲ್ಲ. ‘ಕಟಕ್’ ಎಂದಿತು. ಎರಡೂ ಚಕ್ರ ಒಂದಾದವು. ಗಿಡ್ಡಿ ಮೇಕೆಯಂತೆ ಮೇಲಕ್ಕೆ ಹಾರಿತು.

“ನೋಡಿದ್ಯಾ?” ಎಂದ ಬೋಲ್ಟು.

“ಬಾಯಿ ಮುಚ್ಚು.”

ಅದರಾಚೆಗೆ ಹಾಸುಬಂಡೆ. ಎಡಕ್ಕೆ ಓರೆಯಾಗಿ ಇಳಿದ ಅಗಲವಾದ ಬಂಡೆ. ಮೈತುಂಬ ಒದ್ದೆ ಪಾಚಿ. ಎಡದ ಅಂಚಿನಲ್ಲಿ ಮಂಜು ತುಂಬಿದ ಕಮರಿ. ಅದನ್ನು ಅಡ್ಡಕ್ಕೆ ದಾಟಬೇಕು.

ಅಕ್ಕ ಮೆಲ್ಲಗೆ ತುಳಿದಳು. ಕಟಕ್.

ಗಿಡ್ಡಿಯ ಬಾಲ ಕಮರಿಯತ್ತ ಜಾರಿತು.

ಕಾಲು ತೆಗೆದಳು. ನಿಂತಿತು. ಮತ್ತೆ ತುಳಿದಳು. ಕಟಕ್. ಮತ್ತೆ ಜಾರಿತು! ಹಿಂದಿನ ಚಕ್ರ ಹಳೆಯ ಮರದ ಬೊಡ್ಡೆಗೆ ಬಡಿದು ನಿಂತಿತು. ಬೊಡ್ಡೆಯಾಚೆ ಬರೀ ಮಂಜು.

ನರ್ಸಮ್ಮ ದೇವರ ಹೆಸರನ್ನು ಅರ್ಧ ಹೇಳಿ ಮೇಲ್ಬದಿಯಿಂದ ಹೊರಗೆ ಹಾರಿಕೊಂಡಳು.

“ತುಳಿಯೋದು ಜಾಸ್ತಿ ಆಯ್ತು ನಿಂದು,” ಎಂದ ಬೋಲ್ಟು. ಆ ಮಾತನ್ನು ಆಡಬಾರದಿತ್ತು.

“ನನ್ನ ಕಾಲಿನ ತಪ್ಪಾ? ಇಳಿ ಕೆಳಗೆ! ಬಾ ಈ ಕಡೆ! ಕಟ್ಟಳೆ ಹಾಳಾಗಿ ಹೋಗ್ಲಿ, ಕೂತ್ಕೋ! ನೀನೇ ಓಡಿಸು!”

“ಅಕ್ಕಾ, ನಾನು...”

“ಕೂತ್ಕೋ ಅಂದೆ!”

ಅವಳು ಒಂದು ಕಾಲಿಂದ ಬ್ರೇಕ್ ಅದುಮಿಕೊಂಡೇ ಪಕ್ಕಕ್ಕೆ ಸರಿದಳು. ಅವನು ಕೂತ. ಕೂದಲೆಳೆಯಷ್ಟು ತುಳಿದ. ಕಟಕ್. ಬೊಡ್ಡೆ ಕರಕರ ಎಂದಿತು; ಗಿಡ್ಡಿಯ ಹಿಂಭಾಗ ಅವನ ಸೊಂಟವನ್ನೂ ಸೇರಿಸಿಕೊಂಡು ಕಮರಿಯ ಕಡೆಗೆ ಎಳೆಯಿತು. ಅವನು ಥಟ್ಟನೆ ಬ್ರೇಕ್ ಒತ್ತಿದ. ಎಂಜಿನ್ ಆರಿಸಿದ.

“ಎರಡೂ ಒಟ್ಟಿಗೇ ಜಾರ್ತಿವೆ,” ಎಂದ ಪಿಸುಮಾತಲ್ಲಿ. “ಒಂದು ಜಾರಿದ್ರೆ ಇನ್ನೊಂದು ನೆಲ ಹಿಡ್ಕೋಬೇಕಿತ್ತು. ಹಿಡ್ಕೊಳ್ಳೋರೇ ಇಲ್ಲ.”

“ಅದಕ್ಕೇ ಕಣೋ ಸ್ವಿಚ್ ಕೇಳಿದ್ದು! ಅಲ್ಲಿ ಚಿಕ್ಕಪ್ಪ ಸಾಯ್ತಾ ಇದಾನೆ, ಇಲ್ಲಿ ನಿನ್ನ ಜಾಣತನ ನಮ್ಮನ್ನ ಕಮರಿಗೆ ತಳ್ತಾ ಇದೆ!”

ಅವನು ಹೊರಗೆ ಬಾಗಿ ಗಾಡಿಯ ತಳದ ಕಡೆ ನೋಡಿದ. “ಹಿಂದಿನ ಚಕ್ರಕ್ಕೆ ಬಲ ಹೋಗದೇ ಇದ್ರೆ?” ಎಂದ. “ಪ್ರೊಪೆಲ್ಲರ್ ಶಾಫ್ಟ್ ಬಿಚ್ತೀನಿ. ಎಂಜಿನ್ನಿಂದ ಹಿಂದಕ್ಕೆ ಹೋಗೋ ಕಂಬಿ ಅದೇ. ನಾಲ್ಕೂ ಚಕ್ರಕ್ಕೆ ಬಲ ಇರೋ ಗಾಡಿ ತಾನೇ, ಮುಂದಿನ ಚಕ್ರ ಎಳೀಲಿ, ಹಿಂದಿನವು ಸುಮ್ನೆ ಉರುಳ್ಲಿ. ಆದ್ರೆ...”

“ಏನು ಆದ್ರೆ?”

“ಇದರಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದೂ ಆ ಶಾಫ್ಟನ್ನೇ. ಬಿಚ್ಚಿದ್ರೆ ಅದೂ ಇಲ್ಲ. ಕೆಳಗೆ ನಾನಿರ್ತೀನಿ. ಬ್ರೇಕ್ ಮೇಲೆ ನಿನ್ನ ಪಾದ.”

ನರ್ಸಮ್ಮ ಚಕ್ರಗಳಿಗೆ ಕಲ್ಲು ಕೊಟ್ಟಳು. ಪಾಚಿಯ ಮೇಲೆ ಆ ಕಲ್ಲುಗಳಿಗೂ ನೆಲೆಯಿರಲಿಲ್ಲ. ಬೋಲ್ಟು ಅಂಗಾತ ಮಲಗಿ ಗಾಡಿಯ ಕೆಳಗೆ ತೆವಳಿದ. ಅಕ್ಕ ಸೀಟಿಗೆ ಬೆನ್ನು ಕೊಟ್ಟು ಎರಡೂ ಪಾದಗಳಿಂದ ಬ್ರೇಕ್ ಒತ್ತಿದಳು.

“ಈಗ ಬೈಬೇಡ ಅಕ್ಕಾ,” ಎಂದು ಕೆಳಗಿನಿಂದ ಧ್ವನಿ ಬಂತು. “ಸಿಟ್ಟಲ್ಲಿ ಪಾದ ಎತ್ತಿಬಿಡ್ತೀಯ.”

“ಬೈತೀನಿ! ಬೈದ್ರೇನೇ ಪಾದ ಗಟ್ಟಿಯಾಗಿ ಒತ್ತೋದು. ಮೂರ್ಖ! ಹಠಮಾರಿ! ಬಿಚ್ಚಾಯ್ತೇನೋ?”

ಬೈಗುಳಕ್ಕೂ ಒಂದು ಜಪದ ಗುಣವಿದೆ. ಅವಳು ಬೈಯುತ್ತಲೇ ಹೋದಳು, ಬೋಲ್ಟುಗಳು ಒಂದೊಂದಾಗಿ ಕಳಚುತ್ತ ಬಂದವು. ಶಾಫ್ಟನ್ನು ಎದೆಗವಚಿಕೊಂಡು ಅವನು ಹೊರಬಂದಾಗ ಅಂಗೈ ಸೈಲೆನ್ಸರಿಗೆ ತಗುಲಿ ಸುಟ್ಟಿತ್ತು.

ಅಕ್ಕ ತುಳಿದಳು. ಕಟಕ್ ಎನ್ನಲಿಲ್ಲ. ಮುಂದಿನ ಚಕ್ರಗಳು ಎಳೆದವು. ಹಿಂದಿನವು ಸಾಧು ದನಗಳಂತೆ ಹಿಂಬಾಲಿಸಿದವು. ಗಿಡ್ಡಿ ದಾಟಿತು.

ಗೋಪುರದ ಕೆಳಗಿನ ಏರಿಗೆ ಹಿಂದಿನ ಬಲ ಬೇಕೇ ಬೇಕು. ಅಲ್ಲಿ ಮತ್ತೆ ಶಾಫ್ಟ್ ಬಿಗಿದರು. ಆ ಏರನ್ನು ಲಾಕರ್ ಒಂದೇ ಉಸಿರಿಗೆ ಹತ್ತಿಸಿತು. ಬೋಲ್ಟು ಈ ಸಲ “ನೋಡಿದ್ಯಾ” ಎನ್ನಲಿಲ್ಲ.

ಚಿಕ್ಕಪ್ಪನ ತುಟಿ ಬಿಳಿಚಿತ್ತು. ನರ್ಸಮ್ಮ ಕಾಲನ್ನು ಎಳೆದು ಕಟ್ಟುವಾಗ ಅವನು ಹಲ್ಲು ಕಚ್ಚಿದ. ಗಾಡಿಗೆ ಮಲಗಿಸುವಾಗಲೂ ಅಕ್ಕ ತಮ್ಮನನ್ನು ಬೈಯುತ್ತಿದ್ದಳು. “ಮುರಿದಿದ್ದು ಕಾಲು ಕಣಮ್ಮ,” ಎಂದ ಚಿಕ್ಕಪ್ಪ ಕ್ಷೀಣವಾಗಿ. “ಕಿವಿ ಚೆನ್ನಾಗೇ ಇದೆ.”

ಮರಳುವಾಗ ಹಾಸುಬಂಡೆಗೆ ಮೊದಲೇ, ಸಮನೆಲದಲ್ಲಿ, ಶಾಫ್ಟ್ ಕಳಚಿದರು. ಬಂಡೆಯ ನಡುವೆ ಮುಂದಿನ ಮೇಲ್ಬದಿಯ ಚಕ್ರ ಹಗುರಾಗಿ ತಿರುಗತೊಡಗಿತು. ಗಿಡ್ಡಿ ನಿಂತಿತು. ಚಿಕ್ಕಪ್ಪನ ನರಳಾಟವೂ ನಿಂತಿತ್ತು; ಅದು ಎಲ್ಲಕ್ಕಿಂತ ಭಯ ಹುಟ್ಟಿಸಿತು.

“ಬೇಗ!” ಎಂದಳು ನರ್ಸಮ್ಮ. “ನಾಡಿ ಇಳೀತಿದೆ.”

“ಬಾನೆಟ್ ಮೇಲೆ ಹತ್ತೋ! ಆ ಚಕ್ರದ ಮೇಲೆ!” ಎಂದು ಅಕ್ಕ ತಮ್ಮನಿಗೆ ಕೂಗಿದಳು.

ಬೋಲ್ಟು ಹಾರಿ ಕೂತ. ಅವನ ಭಾರಕ್ಕೆ ಚಕ್ರ ನೆಲ ಕಚ್ಚಿತು. ಅಂಗುಲ ಅಂಗುಲವಾಗಿ ಬಂಡೆ ಹಿಂದೆ ಸರಿಯಿತು. ಕೊನೆಗೆ ಟೈರಿನ ಕೆಳಗೆ ಮಣ್ಣು ಸಿಕ್ಕಿತು, ದೇವರ ಅಂಗೈಯಂಥ ಮಣ್ಣು.

ಆಸ್ಪತ್ರೆಯಲ್ಲಿ ಡಾಕ್ಟರು ಬಾಗಿಲಿಗೆ ಬಂದು, “ಇನ್ನು ಸ್ವಲ್ಪ ತಡವಾಗಿದ್ರೆ ಕಷ್ಟವಿತ್ತು. ಜೀವಕ್ಕೆ ಭಯವಿಲ್ಲ, ಕಾಲೂ ಉಳಿಯುತ್ತೆ,” ಎಂದರು. ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೈಮುಗಿದಳು. ಕಣ್ಣು ತೆರೆದಾಗ ಎದುರಿಗೆ ತಮ್ಮನಿದ್ದ, ಅಂಗೈಗೆ ನರ್ಸಮ್ಮನ ಪಟ್ಟಿ.

“ಬಂಡೆ ಮೇಲೆ ಲಾಕರ್ ಹಾಗೆ ಮಾಡತ್ತೆ ಅಂತ ನನಗೆ ಗೊತ್ತಿರ್ಲಿಲ್ಲ ಅಕ್ಕಾ.”

“ಗೊತ್ತಿಲ್ದೇ ಇದ್ರೆ ಕೇಳ್ಬೇಕು. ಕೇಳಿದ್ರೆ ಬಾಯಿ ಸವೆಯತ್ತಾ?” ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಕೀಲಿಕೈಯನ್ನು ಅವನ ಜೇಬಿಗೆ ತುರುಕಿದಳು. “ಮನೆವರೆಗೂ ನೀನೇ ಓಡಿಸು. ಬ್ರೇಕ್ ಒತ್ತಿ ಒತ್ತಿ ನನ್ನ ಕಾಲು ಸೋತಿದೆ.”

ಅವನು ಪೇಟೆಯ ನಡುಬೀದಿಯಲ್ಲಿ ಆಮೆಯಂತೆ ಓಡಿಸಿದ. ಹಿಂದಿನ ಗಾಡಿಗಳು ಸಾಲುಗಟ್ಟಿದವು, ಹಾರ್ನ್ ಹೊಡೆದವು, ಒಬ್ಬ ಲಾರಿಯವನು ತಲೆ ಹೊರಹಾಕಿ, “ಯಾವನೋ ನಿನಗೆ ಗಾಡಿ ಕೊಟ್ಟೋನು!” ಎಂದು ಕೂಗಿದ.

ಅಕ್ಕ ಕಿಟಕಿಯಿಂದ ಅರ್ಧ ಮೈ ಹೊರಹಾಕಿದಳು. “ನಾನೇ ಕೊಟ್ಟೋಳು! ಏನೀಗ?”