ಡಬ್ಲಿನ್ ಹಿತ್ತಲಿಗೊಂದು ಒಲೆ

ಕನ್ನಡ ಕೂಟದ ದೊಡ್ಡ ಒಲೆಯನ್ನು ಯಾರಾದರೂ ಎರವಲು ಕೇಳಿಕೊಂಡು ಬಂದರೆ ಅವರ ಮನೆಯಲ್ಲಿ ಮದುವೆಯೋ ಮುಂಜಿಯೋ ಇರಲೇಬೇಕೆಂಬುದು ಮಧ್ವೇಶನ ಅನುಭವ. ಪಾಲೋ ಆಲ್ಟೋ ಕಡೆಯ ಡಬ್ಲಿನ್ನಿನ ಅವನ ಗ್ಯಾರೇಜಿನಲ್ಲಿ ಕೂಟದ ಪಾತ್ರೆ, ಸೌಟು, ಜಮಖಾನೆಗಳ ಜೊತೆಗೆ ಆ ಮೂರು ಕಾಲಿನ ಪ್ರೊಪೇನ್ ಗ್ಯಾಸಿನ ಒಲೆಯೂ ಇತ್ತು; ಯುಗಾದಿಯ ಬಿಸಿಬೇಳೆಬಾತು ಬೆಂದದ್ದು ಅದರ ಮೇಲೆಯೇ. ಹೀಗಾಗಿ, ಏಪ್ರಿಲಿನ ಒಂದು ಶನಿವಾರ ಬೆಳಿಗ್ಗೆ ಭಾವನಾ ಬಾಗಿಲಲ್ಲಿ ನಿಂತು ಒಲೆ ಕೇಳಿದಾಗ ಅವನ ಎದೆಯೊಳಗೆ ಏನೋ ಸದ್ದಿಲ್ಲದೆ ಕುಸಿಯಿತು.

ಯುಗಾದಿಯ ಪಂಕ್ತಿಯಲ್ಲಿ ಅವಳು ಬೇಡವೆಂದರೂ ಅವನು ಎರಡನೆಯ ಸಲ ಕೋಸಂಬರಿ ಬಡಿಸಿದ್ದು, ಅವಳು ಹುಬ್ಬೇರಿಸಿ ನೋಡಿ ನಕ್ಕದ್ದು, ಇಷ್ಟೇ ಅವರ ಪರಿಚಯ. ನಲವತ್ತು ದಾಟಿಯೂ ಮದುವೆಯ ಮಾತನ್ನು ನಾಳೆಗೆ ತಳ್ಳುತ್ತ ಬಂದವನಿಗೆ ಆ ನಗೆಯನ್ನು ಮಾತ್ರ ತಳ್ಳಿಹಾಕಲು ಬಂದಿರಲಿಲ್ಲ.

"ಮನೇಲಿ ಶುಭಕಾರ್ಯನಾ?" ಎಂದು ಕೇಳಿದ.

"ಹಾಗೇ ಅಂದ್ಕೊಳ್ಳಿ."

"ಹುಡುಗ ಇಲ್ಲಿಯವರೇನಾ?"

"ಯಾವ ಹುಡುಗ?"

"ಮದುವೆ ಹುಡುಗ."

ಭಾವನಾ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. "ಬಿಯರ್ ರೀ! ಮನೇಲಿ ಬಿಯರ್ ಮಾಡೋಣ ಅಂತ. ನನ್ನ ಪಾತ್ರೆ ಅಡುಗೆಮನೆ ಒಲೆ ಮೇಲೆ ಕೂರ್ತಾನೇ ಇಲ್ಲ."

"ಎಲ್ಲಿಟ್ಟು ಹಚ್ಚುತ್ತೀರಿ ಇದನ್ನ?"

"ಬಾಲ್ಕನಿಯಲ್ಲಿ."

"ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಪ್ರೊಪೇನಾ? ಆಮೇಲೆ ಫೈರ್ ಇಂಜಿನ್ನಿನವರಿಗೂ ಒಂದೊಂದು ಗ್ಲಾಸು ಕೊಡಬೇಕಾಗುತ್ತೆ." ಮದುವೆಯಿಲ್ಲವೆಂಬ ಸಮಾಧಾನದಲ್ಲಿ ಅವನ ನಾಲಿಗೆ ಹಗುರವಾಗಿತ್ತು. "ನಮ್ಮ ಹಿತ್ತಲಿದೆ. ಇಲ್ಲೇ ಮಾಡಿ."

"ನೀವು ಕುಡೀತೀರಾ? ಹೆಸರು ನೋಡಿದ್ರೆ ಹಾಗನ್ನಿಸಲ್ಲ."

"ಕುಡಿಯೋದಿಲ್ಲ. ಕುದಿಸಿ ಕೊಡ್ತೀನಿ."

ಪಾಲೋ ಆಲ್ಟೋದ ಕಂಪನಿಯಲ್ಲಿ ಕಂಪ್ಯೂಟರುಗಳ ಬಿಸಿ ಇಳಿಸುವುದೇ ಅವನ ಕಸುಬು. ಬಿಸಿ ಏರಿಸುವ ಕೆಲಸಕ್ಕೆ ಯಾರೂ ಅವನನ್ನು ಈತನಕ ಕರೆದಿರಲಿಲ್ಲ.

ಮೊದಲ ಶನಿವಾರವೇ ಅನಾಹುತವಾಯಿತು. ಭೋರ್ಗರೆಯುವ ಉರಿಯ ಮೇಲೆ ಬಾರ್ಲಿಯ ಸಿಹಿ ರಸ ಕ್ಷಣಮಾತ್ರದಲ್ಲಿ ನೊರೆಯಾಗಿ ಏರಿತು. ಮಧ್ವೇಶನ ಕೈ ನಾಬಿನವರೆಗೆ ಹೋಗಿ ಅಲ್ಲೇ ನಿಂತುಬಿಟ್ಟಿತು.

"ಆಫ್ ಮಾಡಿ! ಏನ್ ನೋಡ್ತಾ ನಿಂತಿದ್ದೀರಾ?" ಭಾವನಾ ಚೀರಿದಳು. ಅಷ್ಟರಲ್ಲಿ ರಸ ನಾಲ್ಕೂ ಕಡೆ ಹರಿದು ಉರಿಯನ್ನೇ ಆರಿಸಿತು. ಅವಳು ಜಿಗಿದು ಬಂದು ಗ್ಯಾಸ್ ಮುಚ್ಚಿದಳು. ಏದುಸಿರಿನಲ್ಲೇ ಅವನತ್ತ ತಿರುಗಿ, "ಯಾಕೆ ಹಾಗೆ ನಿಂತ್ರಿ?" ಎಂದಳು.

"ಗೃಹಪ್ರವೇಶ ನೆನಪಾಯ್ತು," ಎಂದ ಅವನು ನಾಚುತ್ತ. "ಹಾಲು ಉಕ್ಕೋವಾಗ ಉರಿ ಇಳಿಸಿದ್ರೆ ನಮ್ಮಮ್ಮ ಕೈಗೆ ಹೊಡೀತಿದ್ರು. ಕೈ ತಾನಾಗೇ ನಿಂತ್ಕೊಂಡ್ಬಿಡ್ತು."

"ಈ ಮನೆಗೂ ಉಕ್ಕಿಸಿದ್ರಾ?"

"ಹಾಲು ತಂದಿದ್ದೆ. ಒಬ್ಬನೇ ನಿಂತು ಏನು ಉಕ್ಕಿಸೋದು? ಕಾಫಿಗೆ ಹಾಕ್ಕೊಂಡೆ."

ಅವಳು ಅಂಟಂಟಾಗಿ ಹೊಳೆಯುತ್ತಿದ್ದ ಸಿಮೆಂಟಿನ ನೆಲವನ್ನು ನೋಡಿದಳು. ಬಳಿಕ ಅವನನ್ನು ನೋಡಿದಳು. ಕೋಪವೆಲ್ಲ ಕಣ್ಣಂಚಿನಲ್ಲಿ ಕರಗಿ, ತುಂಟತನವೊಂದೇ ಉಳಿದಿತ್ತು. "ಹಾಗಾದ್ರೆ ಇವತ್ತು ಆಯ್ತು ಅಂದ್ಕೊಳ್ಳಿ. ಹಾಲಲ್ಲ, ಬಾರ್ಲಿ. ದೇವರು ಅಡ್ಜಸ್ಟ್ ಮಾಡ್ಕೋತಾನೆ."

ಆ ವಾರವಿಡೀ ಹಿತ್ತಲಿಗೆ ಇರುವೆಗಳ ದಿಬ್ಬಣ ಬಂತು. ಅವನ್ನು ಓಡಿಸಲು ಮಧ್ವೇಶನಿಗೆ ಮನಸ್ಸೇ ಬರಲಿಲ್ಲ.

ಶನಿವಾರಗಳು ಅಭ್ಯಾಸವಾದವು. ಅವಳು ಸಾರಿನಪುಡಿಗೆ ಹುರಿಯುವ ಹದದಲ್ಲೇ ಧನಿಯಾ ಹುರಿದು ಹಾಕಿದ ಒಂದು ಸಲದ ಬಿಯರು ಪಕ್ಕಾ ತಣ್ಣನೆಯ ಸಾರಿನಂತಾಯಿತು. ಅದನ್ನು ಅವನು ಒಂದು ಚಮಚ ರುಚಿ ನೋಡಿ, "ಅನ್ನ ಎಲ್ಲಿ?" ಎಂದು ಕೇಳಿದಾಗ ಅವಳು ಅವನ ಬೆನ್ನಿಗೊಂದು ಗುದ್ದು ಕೊಟ್ಟಳು. ಆ ಗುದ್ದಿನಿಂದಾಚೆ 'ನೀವು' 'ನೀನು' ಆಯಿತು. ಅವಳೊಡನೆ ಇರುತ್ತಿದ್ದ ಹುಬ್ಬಳ್ಳಿಯ ದೊಡ್ಡವ್ವ ಬಂಗಾರೆವ್ವ ಇಳಕಲ್ ಸೀರೆಯ ಮೇಲೆ ಸ್ವೆಟರ್ ತೊಟ್ಟು, ಕಿತ್ತಳೆ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಅವಳಿಗೆ ಇದು ಬಾರ್ಲಿಯ ಕಷಾಯವೆಂದು ಹೇಳಲಾಗಿತ್ತು.

"ಇಷ್ಟು ನಕ್ಕೋತ ಕಾಸೋ ಕಷಾಯ ನಾ ಎಲ್ಲೂ ಕಂಡಿಲ್ಲವ್ವಾ," ಎಂದು ಅವಳು ತನ್ನ ಪಾಡಿಗೆ ಅವರೆಕಾಳು ಸುಲಿಯುತ್ತಿದ್ದಳು.

ಜೂನ್ ಬಂತು. ಅದರೊಂದಿಗೆ ಬಾಸ್ಟನ್ನಿನ ಸುದ್ದಿಯೂ ಬಂತು. ಭಾವನಾಳ ಕಂಪನಿಯವರು ಅವಳಿಗೆ ಅಲ್ಲಿ ದೊಡ್ಡ ಹುದ್ದೆ ಕೊಡುವವರಿದ್ದರು. ಮುಂದಿನ ವಾರ ಕಳೆದು ಬರುವ ಸೋಮವಾರದೊಳಗೆ ಅವಳು ಉತ್ತರ ಹೇಳಬೇಕಿತ್ತು. ಒಲೆಯ ಮುಂದೆ ಅವಳು ಇದನ್ನು ಹೇಳಿದಾಗ ಮಧ್ವೇಶ "ಕಂಗ್ರಾಟ್ಸ್" ಎಂದ. ಒಬ್ಬರ ಏಳಿಗೆಗೆ ಅಡ್ಡ ನಿಲ್ಲುವುದು ಸಲ್ಲದೆಂದು ತನಗೆ ತಾನೇ ಬುದ್ಧಿ ಹೇಳಿಕೊಂಡ. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಮುಂದಿನ ಶನಿವಾರ ಗಾಳಿ ಜೋರಾಗಿತ್ತು. ಕೂಟದ ಒಲೆಯ ಉರಿ ಪಾತ್ರೆಯ ಅಡಿ ಬಿಟ್ಟು ಪಕ್ಕಕ್ಕೆ ಹಾರುತ್ತಿತ್ತು.

"ಇದು ನೂರಾರು ಜನರ ಅಡುಗೆ ಒಲೆ, ನನಗೆ ನನ್ನದೇ ಒಂದು ಬೇಕು," ಎಂದಳು ಭಾವನಾ. "ಯಾವುದು ತಗೊಳ್ಳಲಿ? ಗ್ಯಾಸೋ, ಎಲೆಕ್ಟ್ರಿಕ್ಕೋ?"

"ಪ್ರೊಪೇನ್ ಆದ್ರೆ ಬೇಗ ಕುದಿಯುತ್ತೆ. ಗಾಳಿಗೆ ಮರೆ ಕಟ್ಟಬೇಕು, ಸಿಲಿಂಡರ್ ನಡುವೆ ಖಾಲಿಯಾಗದ ಹಾಗೆ ನೋಡ್ಕೋಬೇಕು. ಎಲೆಕ್ಟ್ರಿಕ್ ಆದ್ರೆ ಕಾಯಿಲ್ ಪಾತ್ರೆ ಒಳಗೇ ಇರುತ್ತೆ. ಉರಿ ಇಲ್ಲ, ಸದ್ದಿಲ್ಲ, ಎಷ್ಟು ಬೇಕೋ ಅಷ್ಟೇ ಶಾಖ. ಆದ್ರೆ ಮಾಮೂಲಿ ಪ್ಲಗ್ಗಿಗೆ ಹಾಕಿದ್ರೆ ಇಷ್ಟು ದೊಡ್ಡ ಪಾತ್ರೆ ಕುದಿಯೋ ಹೊತ್ತಿಗೆ ಸಂಜೆ ಆಗುತ್ತೆ. ಬಟ್ಟೆ ಡ್ರೈಯರ್‌ಗೆ ಇರುತ್ತಲ್ಲ, ಅಂಥ ದೊಡ್ಡ ಲೈನು ಬೇಕು. ಎಲೆಕ್ಟ್ರಿಷಿಯನ್ ಬಂದು ಗೋಡೆ ಕೊರೀಬೇಕು."

"ಅದೆಲ್ಲ ನಾನೂ ಓದಿದೀನಿ. ನಾನು ಯಾವುದು ತಗೋಬೇಕು, ಹೇಳು."

ಅವಳು ಅವನನ್ನೇ ನೋಡುತ್ತಿದ್ದಳು. ಗಾಳಿಗೆ ಮುಂಗುರುಳು ಬಾಯಿಗೆ ಬಂದರೂ ಸರಿಸಲಿಲ್ಲ. ಆ ನೋಟದಲ್ಲಿ ಪ್ರಶ್ನೆಗಿಂತ ದೊಡ್ಡದೇನೋ ಇತ್ತು. ಮಧ್ವೇಶನಿಗೆ ಅದು ಕಂಡಿತು. ಕಂಡದ್ದರಿಂದಲೇ ಅವನು ಹೆದರಿದ. ಹೆದರಿದಾಗಲೆಲ್ಲ ಅವನು ಸರಿಯಾದ ಉತ್ತರದ ಹಿಂದೆ ಅಡಗಿಕೊಳ್ಳುತ್ತಿದ್ದ.

"ಪ್ರೊಪೇನೇ ಸರಿ," ಎಂದ. "ಬಾಸ್ಟನ್‌ಗೂ ಒಯ್ಯಬಹುದು."

"ಕಾಲು ಮಡಚುತ್ತಾ?"

"ಮಡಚೋ ಥರದ್ದೂ ಸಿಗುತ್ತೆ."

"ಬಾಕ್ಸಿಗೆ ಹಿಡಿಸುತ್ತಾ?"

"ಹಿಡಿಸುತ್ತೆ."

"ನೀನೇ ಪ್ಯಾಕ್ ಮಾಡಿ ಕೊಡ್ತೀಯೇನೋ?"

"ಬೇಕಂದ್ರೆ..."

"ತುಂಬಾ ಉಪಕಾರ ಆಯ್ತು ಮಧ್ವೇಶ್ ಅವರೇ." ಅವಳು ಉರಿ ಆರಿಸಿ, ಖಾಲಿಯಿದ್ದ ಇನ್ನೊಂದು ಪಾತ್ರೆಯನ್ನು ಎತ್ತಿಕೊಂಡು ಮನೆಯ ಪಕ್ಕದ ನಲ್ಲಿಯತ್ತ ನಡೆದೇಬಿಟ್ಟಳು. ಪಾತ್ರೆಯನ್ನು ನೆಲಕ್ಕೆ ಕುಕ್ಕಿದ ಸದ್ದು ಬೇಲಿಯಾಚೆಗೂ ಕೇಳಿಸಿರಬೇಕು. ಪಕ್ಕದ ಮನೆಯ ನಾಯಿ ಬೊಗಳಿತು.

"ತಮ್ಮಾ," ಎಂದಳು ಬಂಗಾರೆವ್ವ, ಕಾಳಿನಿಂದ ತಲೆಯೆತ್ತದೆ. "ನಿನಗ ಕಣ್ಣು ಕಾಣಿಸ್ತಾವ?"

"ಕಾಣಿಸುತ್ತೆ ಅಮ್ಮಾ."

"ಕಿವಿ?"

"ಕೇಳಿಸುತ್ತೆ."

"ಹಂಗಾರ ಬಾಯಿಗೇನು ಬ್ಯಾನಿ ಬಂದದ?"

ಭಾವನಾಳ ಏಳಿಗೆಗೆ ಅಡ್ಡ ನಿಲ್ಲಬಾರದೆಂಬ ತನ್ನ ದೊಡ್ಡ ಮಾತಿನೊಳಗೆ, 'ಇಲ್ಲ' ಎಂಬ ಉತ್ತರದ ಭಯವೊಂದು ಮುದುರಿ ಕೂತಿದ್ದದ್ದು ಮಧ್ವೇಶನಿಗೆ ಆಗ ಸ್ಪಷ್ಟವಾಗಿ ಕಂಡಿತು. ಸೋಮವಾರದ ನಂತರ ಈ ಹಿತ್ತಲಿನಲ್ಲಿ ಉಳಿಯುವುದು ಕಿತ್ತಳೆ ಗಿಡ ಮತ್ತು ತಾನು ಮಾತ್ರ. ಅವನು ನಡೆದ, ಕೊನೆಯ ಹೆಜ್ಜೆಗಳನ್ನು ಓಡಿದ.

ಭಾವನಾ ಕುಕ್ಕರುಗಾಲಿನಲ್ಲಿ ಕುಳಿತು ಮೊದಲೇ ಫಳಫಳಿಸುತ್ತಿದ್ದ ಪಾತ್ರೆಯನ್ನು ಉಜ್ಜುತ್ತಿದ್ದಳು. ಅವನು ಬಗ್ಗಿ ನಲ್ಲಿ ನಿಲ್ಲಿಸಿದ.

"ನಾನು ತಪ್ಪು ಹೇಳಿದೆ. ಎಲೆಕ್ಟ್ರಿಕ್ ತಗೋ."

"ಯಾಕೆ? ಈಗ ತಾನೇ ಪ್ರೊಪೇನ್ ಸರಿ ಅಂದೆ."

"ಲೈನು ಈ ಮನೆ ಗೋಡೆಗೆ ಹಾಕಿಸ್ತೀನಿ. ಒಂದ್ಸಲ ಹಾಕಿಸಿದ್ರೆ ಅದನ್ನ ಬಿಚ್ಕೊಂಡು ಎಲ್ಲಿಗೂ ಒಯ್ಯೋಕಾಗಲ್ಲ."

"ಅಂದ್ರೆ?"

"ಅಂದ್ರೆ ಅದೇ."

"ಅದೇ ಅಂದ್ರೆ ಏನು? ನೆಟ್ಟಗೆ ಹೇಳು ಮಧ್ವೇಶ, ನಾನು ನೆಲದ ಮೇಲೆ ಕೂತಿದೀನಿ, ಕಾಲು ಜೋಮು ಹಿಡೀತಿದೆ."

"ಹೋಗಬೇಡ," ಎಂದ. "ಕೆಲಸಕ್ಕೆ ಅಂತ ಹೋಗಲೇಬೇಕು ಅಂದ್ರೆ ಹೋಗು, ನಾನು ಅಲ್ಲಿಗೇ ಬರ್ತೀನಿ. ಆದ್ರೆ ನನ್ನ ಬಿಟ್ಟು ಹೋಗಬೇಡ. ನೀನಂದ್ರೆ ನನಗೆ ತುಂಬಾ ಇಷ್ಟ, ಭಾವನಾ. ಕೋಸಂಬರಿ ಬಡಿಸಿದ ದಿನದಿಂದ."

ಅವಳು ಕೈಚಾಚಿದಳು. ಅವನು ಹಿಡಿದು ಎಬ್ಬಿಸಿದ. ಎದ್ದ ಮೇಲೂ ಆ ಒದ್ದೆ ಕೈ ಅವನ ಕೈಯಲ್ಲೇ ಉಳಿಯಿತು.

"ಬಾಸ್ಟನ್‌ಗೆ ಹೋಗೋಕೆ ನನಗೆ ಮೊದಲಿಂದಲೂ ಮನಸ್ಸಿರಲಿಲ್ಲ," ಎಂದಳು ತಗ್ಗಿದ ದನಿಯಲ್ಲಿ. "ಇಲ್ಲಿನ ಕೆಲಸವೇ ನನಗೆ ಸೇರುತ್ತೆ. ಸೋಮವಾರ 'ಇಲ್ಲ' ಅಂತೀನಿ. ಆದ್ರೆ ನೀನು ಒಂದು ಮಾತೂ ಆಡದೆ ಇದ್ದಿದ್ರೆ, ಹೈವೇಲಿ ಈ ಡಬ್ಲಿನ್ ಎಕ್ಸಿಟ್ ಕಂಡಾಗಲೆಲ್ಲ ದಾಟಿ ಹೋಗೋದೇ ಕಷ್ಟ ಆಗ್ತಿತ್ತು. ಅದಕ್ಕೇ ಬಾಸ್ಟನ್‌ಗೆ ಹೊರಟುಬಿಡ್ತಿದ್ದೆ."

"ಕೋಪ ಹೋಯ್ತಾ?"

"ಇಲ್ಲ. ಪ್ಯಾಕ್ ಮಾಡಿ ಕೊಡ್ತಾನಂತೆ! ಅದಕ್ಕೆ ಬೇರೆ ಲೆಕ್ಕ ಇದೆ." ಹೇಳುವಾಗಲೇ ಅವಳ ಹಣೆ ಅವನ ಭುಜಕ್ಕೆ ತಾಗಿತ್ತು.

ಬಹಳ ಹೊತ್ತಿನ ಮೇಲೆ ಬಂಗಾರೆವ್ವನ ಕೆಮ್ಮು ಕೇಳಿಸಿ ಇಬ್ಬರೂ ಸರಿದು ನಿಂತರು. ಮಧ್ವೇಶ ತನ್ನ ಭುಜದೆತ್ತರದಲ್ಲಿ ಗೋಡೆಯನ್ನು ಮುಟ್ಟಿ, "ಪ್ಲಗ್ಗು ಇಲ್ಲಿ ಬಂದ್ರೆ ಸರಿಯಾಗುತ್ತೆ," ಎಂದ.

ಭಾವನಾ ಬಂದು ಅವನ ಬೆರಳನ್ನು ಹಿಡಿದು ಗೋಡೆಯ ಮೇಲೆಯೇ ಮೆಲ್ಲನೆ ಕೆಳಗೆ ಜಾರಿಸಿದಳು. ತನ್ನ ಮೊಣಕೈಯ ಎತ್ತರಕ್ಕೆ ಬಂದಾಗ ನಿಲ್ಲಿಸಿ, ಒತ್ತಿ ಹಿಡಿದಳು.

"ಇಲ್ಲಿ," ಎಂದಳು. "ದಿನಾ ಎಟುಕಬೇಕಾದ್ದು ನನಗೆ."